ಉಷ್ಟ್ರಪಕ್ಷಿಯ ಮೊಟ್ಟೆಯಲ್ಲಿ ದುಂಬಿ ಸಾಕಿದ ದಾಬೆ ಅಜ್ಜ

ಸೂರ್ಯನಿಗೂ ದಾಬೆ ಅಜ್ಜನಿಗೂ ಹಳೆಯ ಜಿದ್ದು. ಯಾರು ಮೊದಲು ಏಳುತ್ತಾರೆ ಅನ್ನುವ ಜಿದ್ದು. ನಾನು ಹುಟ್ಟಿದಾಗಿನಿಂದ ನೋಡುತ್ತಿದ್ದೇನೆ, ಸೂರ್ಯ ಒಂದು ದಿನವೂ ಗೆದ್ದಿಲ್ಲ.

ಇವತ್ತೂ ಅಷ್ಟೇ. ಬಯಲಿನ ಅಂಚು ಇನ್ನೂ ಬೂದಿ ಬಣ್ಣಕ್ಕೆ ತಿರುಗುತ್ತಿರುವಾಗಲೇ ಅಜ್ಜ ಗುಡಿಸಲ ಹಿಂದಿನ ಮುಳ್ಳುಬೇಲಿಯೊಳಗೆ ಕುಕ್ಕರಗಾಲಲ್ಲಿ ಕೂತಾಗಿದೆ. ಅವನ ಮುಂದೆ ಮರಳಲ್ಲಿ ಅರ್ಧ ಹೂತಿಟ್ಟ ಉಷ್ಟ್ರಪಕ್ಷಿಯ ಮೊಟ್ಟೆಚಿಪ್ಪುಗಳು. ಸುತ್ತ ಇರುವೆ ದಾಟದ ಹಾಗೆ ಬೂದಿಯ ಗೆರೆ. ಬೇರೆ ಮನೆಗಳಲ್ಲಿ ಇಂಥ ಚಿಪ್ಪಿನಲ್ಲಿ ನೀರು ತುಂಬಿಡುತ್ತಾರೆ. ಅಜ್ಜನ ಚಿಪ್ಪಿನಲ್ಲಿ ಮಣ್ಣಿದೆ, ಮಣ್ಣೊಳಗೆ ಬಟಾಣಿಯಷ್ಟು ಗಟ್ಟಿ ಗೂಡುಗಳಿವೆ, ಗೂಡೊಳಗೆ ಹೋರಿಯಂಥ ಪ್ರಾಣಿಯನ್ನೂ ನೆಲಕ್ಕೆ ಮಲಗಿಸುವ ಹುಳಗಳಿವೆ. ಅಜ್ಜ ಒಂದೊಂದೇ ಚಿಪ್ಪನ್ನು ಎತ್ತಿ, ಮಗುವಿನ ಎದೆಗೆ ಕಿವಿ ಇಟ್ಟ ಹಾಗೆ ಕಿವಿಗೆ ಒತ್ತಿ ಹಿಡಿಯುತ್ತಾನೆ.

"ಬಡಾಯಿ, ಉಸಿರು ಸ್ವಲ್ಪ ಕಡಿಮೆ ಬಿಡು," ಅನ್ನುತ್ತಾನೆ ನನಗೆ. "ನಿನ್ನ ಮೂಗಿನ ಗಾಳಿಯಲ್ಲಿ ನನಗೇನೂ ಕೇಳಿಸ್ತಿಲ್ಲ."

ಏನು ಕೇಳಿಸಬೇಕು ಅಂತ ಕೇಳಿದೆ.

"ಕೆರೆತ. ಒಳಗಿರೋದು ದುಂಬಿಯಾಗಿ ಬಲಿತಿದ್ರೆ ಗೂಡನ್ನ ಕೆರೆಯುತ್ತೆ. ಬಲಿಯದೆ ಇದ್ರೆ ಸುಮ್ಮನೆ ನಿದ್ದೆ ಮಾಡುತ್ತೆ. ಒಂದು ಮಳೆಗಾಲ ಮಲಗಿರುತ್ತೆ, ಎರಡು ಮಲಗಿರುತ್ತೆ. ನಮ್ಮ ಕಾಶೆ ಇದ್ದಾನಲ್ಲ, ಹಾಗೆ."

ಕಾಶೆ ಅಂದರೆ ಅಜ್ಜನ ಹೆಂಡತಿಯ ತಮ್ಮ. ಪಕ್ಕದ ಗುಡಿಸಲಿಂದ ಅವನ ಗೊರಕೆ ಬರುತ್ತಿದೆ. ಆ ಗೊರಕೆಗೆ ಹೆದರಿ ನಮ್ಮೂರ ಕಡೆ ಸಿಂಹ ಸುಳಿಯುವುದಿಲ್ಲ. ಆ ಗೊರಕೆಯ ನಡುವೆಯೂ, ಮಣ್ಣೊಳಗೆ, ಗೂಡೊಳಗೆ, ಹೆಸರುಕಾಳಿನಷ್ಟು ದುಂಬಿ ಕಾಲು ಕೆರೆಯುವುದನ್ನು ಕೇಳಿಸಿಕೊಳ್ಳುವ ಕಿವಿ ನಮೀಬಿಯಾದಲ್ಲಿ ಇನ್ನೊಬ್ಬರಿಗಿದ್ದರೆ ಕರೆತನ್ನಿ, ನನ್ನ ಎರಡೂ ಕಿವಿ ಕೊಯ್ದು ಕೊಡುತ್ತೇನೆ.

ನಾನು ಹೀಗೆ ಹೊಗಳುವುದು ನಮ್ಮ ಜನಕ್ಕೆ ಹಿಡಿಸುವುದಿಲ್ಲ. ನಾವು ಜುಹ್ವಾನ್ಸಿಗಳು, ಕಲಹಾರಿ ಮರಳುಗಾಡಿನ ಬೇಟೆಯ ಜನ. ನಮ್ಮಲ್ಲಿ ಹೊಗಳುವುದೆಂದರೆ ತುಂಬಿದ ಸಭೆಯಲ್ಲಿ ಬಟ್ಟೆ ಬಿಚ್ಚಿದ ಹಾಗೆ. ಬೇಟೆಗಾರ ಕೊಬ್ಬಿದ ಪ್ರಾಣಿ ಹೊಡೆದು ಬಂದರೆ ಒಲೆಯ ಪಕ್ಕ ಮುಖ ಜೋಲು ಹಾಕಿ ಕೂರಬೇಕು. ಕೇಳಿದರೆ "ಏನಿಲ್ಲ, ಏನೋ ಸಣ್ಣದೊಂದು" ಅನ್ನಬೇಕು. ಅಷ್ಟು ಕೇಳಿದರೆ ಸಾಕು, ಭಾರೀ ಬೇಟೆ ಬಿದ್ದಿದೆ ಅಂತ ಊರಿಗೆ ಊರೇ ಚಾಕು ಮಸೆಯುತ್ತದೆ. ಮಾರನೆಯ ದಿನ ಮಾಂಸ ಹೊರಲು ಹೋದವರು ಕೂಡ, "ಈ ಎಲುಬಿನ ಚೀಲಕ್ಕೆ ನಮ್ಮನ್ನೆಲ್ಲ ಇಷ್ಟು ದೂರ ನಡೆಸಿದೆಯಾ" ಅಂತ ಬೈಯಬೇಕು. ಬೈಗುಳ ಜೋರಾದಷ್ಟೂ ಕೊಬ್ಬು ದಪ್ಪ. ಯಾರ ತಲೆಯೂ ತಿರುಗಬಾರದಲ್ಲ, ಅದಕ್ಕೆ ಹಿರಿಯರು ಕಂಡುಕೊಂಡ ಮದ್ದು. ನನಗೆ ಆ ಮದ್ದು ಹತ್ತಿಲ್ಲ. ಹಾಗಾಗಿ ಊರಿನವರು ಮಾಡದ ಈ ಕೆಲಸ ನನ್ನ ಪಾಲಿಗೆ ಬಿದ್ದಿದೆ. ಈ ಪದ್ಧತಿಯನ್ನು ಓದುಗರು ಸ್ವಲ್ಪ ನೆನಪಿಟ್ಟುಕೊಂಡರೆ ಮುಂದೆ ಅನುಕೂಲ.

ಮೊದಲು ಹುಳದ ವಿಷಯ. ನಮ್ಮ ಬಯಲಲ್ಲಿ ಗುಗ್ಗುಳದ ಜಾತಿಯ ಮುಳ್ಳುಪೊದೆಗಳಿವೆ. ಅವುಗಳ ಎಲೆ ತಿಂದು ಬದುಕುವುದು ಚಿಗಟ ದುಂಬಿ. ಹಿಂಗಾಲು ಚಿಗಟದ್ದು, ಕೈ ಹಾಕಿದರೆ ಚಂಗನೆ ನೆಗೆದು ಪಕ್ಕದ ದೇಶಕ್ಕೆ ಹೋಗಿ ಬೀಳುತ್ತದೆ. ಅದರ ಮರಿಹುಳ ಪೊದೆಯ ಬುಡದಲ್ಲಿ ಮಣ್ಣಿಗಿಳಿದು ಗೂಡು ಕಟ್ಟಿಕೊಂಡು ಮಲಗುತ್ತದೆ. ನಮ್ಮ ಬೇಟೆಗಾರರು ಗೂಡು ಅಗೆದು, ಹುಳವನ್ನು ಬೆರಳಲ್ಲಿ ಹಿಂಡಿ, ಆ ರಸವನ್ನು ಬಾಣದ ಮೊನೆಯ ಹಿಂದಿನ ಕಡ್ಡಿಗೆ ಸವರುತ್ತಾರೆ. ಮೊನೆಗೆ ಸವರುವುದಿಲ್ಲ, ಮಕ್ಕಳ ಕೈಗೆ ಗೀಚೀತು ಅಂತ. ಬಾಣ ತಾಗಿದ ಪ್ರಾಣಿ ಒಂದಷ್ಟು ದೂರ ಓಡಿ, ನಿಂತು, ಮಲಗಿಬಿಡುತ್ತದೆ. ಬೇಟೆಗಾರ ಹೆಜ್ಜೆಗುರುತು ಹಿಡಿದು ಹಿಂದೆ ಹೋದರೆ ಆಯಿತು.

ಈ ಕೆಲಸದಲ್ಲಿ ನಮ್ಮ ಕಡೆ ದೊಡ್ಡ ಹೆಸರು ಕಾವೊನದು. ದಾಬೆ ಅಜ್ಜನ ಅಪ್ಪ. ಆತ ತೀರಿಕೊಂಡು ಬಹಳ ಕಾಲವಾಯಿತು. ಅವನ ಬಾಣ ತಾಗುವ ಮೊದಲೇ, ಬರುತ್ತಿದೆ ಅನ್ನುವ ಸುದ್ದಿಗೇ ಪ್ರಾಣಿ ಮಲಗುತ್ತಿತ್ತು ಅಂತ ನಾನು ಹೇಳಿದರೆ ಯಾರೂ ನಂಬುವುದಿಲ್ಲ, ಆದರೆ ಯಾರೂ ನಕ್ಕಿಲ್ಲ ಕೂಡ. ಹುಳ ಹಿಂಡುವುದನ್ನು, ಎಷ್ಟು ದೂರದ ಕೆಂಡದಲ್ಲಿ ಬಾಣ ಒಣಗಿಸಬೇಕು ಅನ್ನುವುದನ್ನು ಮಗನ ಕೈ ಹಿಡಿದು ಕಲಿಸಿದವನು ಅವನೇ. ದಾಬೆ ಅಜ್ಜನಿಗೆ ಗಂಡುಮಕ್ಕಳಿಲ್ಲ, ಮೂವರೂ ಹೆಣ್ಣು. ನಮ್ಮಲ್ಲಿ ಮೊದಲ ಮಗನಿಗೆ ಅಪ್ಪನ ಅಪ್ಪನ ಹೆಸರು. ಮಗನೇ ಹುಟ್ಟದಿದ್ದ ಮೇಲೆ ಅಪ್ಪನ ಹೆಸರನ್ನು ಇಡಲು ದಾಬೆಗೆ ಜಾಗವೇ ಸಿಗಲಿಲ್ಲ. ಅಪ್ಪನಿಂದ ಬಂದದ್ದು ಅಂತ ಅವನ ಹತ್ತಿರ ಉಳಿದದ್ದು ಆ ಕೈ ಒಂದೇ.

ಕೆಲವು ಮಳೆಗಾಲದ ಹಿಂದೆ ಆ ಕೈಗೆ ಕುತ್ತು ಬಂತು. ಎಂದಿನ ಉತ್ತರ ದಂಡೆ ಬಿಟ್ಟು, ಬಯಲಿನ ಕೆರೆಯ ದಕ್ಷಿಣ ದಂಡೆಯ ಪೊದೆಗಳಿಂದ ಅಜ್ಜ ಹೊಸದಾಗಿ ಗೂಡು ಅಗೆದು ತಂದಿದ್ದ. ಆ ವಿಷ ಸವರಿದ ಬಾಣದಲ್ಲಿ ಒಂದು ಎಲ್ಯಾಂಡ್ ಹೊಡೆದ. ಎಲ್ಯಾಂಡ್ ಅಂದರೆ ಜಿಂಕೆಗಳ ಆನೆ, ನಾಲ್ಕು ಊರಿಗೆ ಊಟ. ಬಾಣ ತಾಗಿದ್ದನ್ನು ಕಾಶೆಯೂ ನೋಡಿದ್ದ. ಪ್ರಾಣಿ ಓಡಿತು. ಮಾರನೆಯ ದಿನವೂ ನಡೆಯುತ್ತಲೇ ಇತ್ತು. ಅದರ ಮಾರನೆಯ ದಿನ ಗುಡುಗು ಮಳೆ ಬಂದು ಹೆಜ್ಜೆಗುರುತು ತೊಳೆದುಹೋಯಿತು. ಆಮೇಲೆ ಸಿಕ್ಕಿದ್ದು ಹೈನಾಗಳು ಬಿಟ್ಟ ಕೊಂಬು.

ನಮ್ಮಲ್ಲಿ ಮಾಂಸವನ್ನು ಬೈಯುವುದು ಮರ್ಯಾದೆ, ಆದರೆ ಮಾಂಸವೇ ಇಲ್ಲದಾಗ ಬೈಯುವುದು ಬೇರೆ ಥರ. ಒಲೆಯ ಸುತ್ತ ಮಾತು ಹುಟ್ಟಿತು. ದಾಬೆಯ ಕೈ ತಣ್ಣಗಾಗಿದೆ. ಅಲ್ಲ, ಮೊದಲಿಂದಲೂ ಹಾಗೇ, ಅಪ್ಪ ಸರಿಯಾಗಿ ಕಲಿಸಿಲ್ಲ. ಆ ಎರಡನೆಯ ಮಾತು ಕೇಳಿದ ದಿನ ಅಜ್ಜ ಬಿಲ್ಲನ್ನು ಗುಡಿಸಲ ಮಾಡಿಗೆ ಸಿಕ್ಕಿಸಿದ. ಮತ್ತೆ ಇಳಿಸಲಿಲ್ಲ.

"ತಪ್ಪು ಕೈಯದೋ, ಹುಳದ್ದೋ," ಅನ್ನುತ್ತಾನೆ ಅಜ್ಜ, ಚಿಪ್ಪನ್ನು ಮರಳಿಗೆ ಇಳಿಸುತ್ತ. "ನನಗೆ ಅದೊಂದು ಗೊತ್ತಾಗಬೇಕಿತ್ತು. ಕೈದು ಅಂತಾದ್ರೆ ಸರಿ, ನಾನು ಕೆಟ್ಟೋನು, ಮುಗೀತು. ಆದ್ರೆ ಕೈ ಅಪ್ಪಂದು. ಹಾಗೇ ಬಿಡೋಕಾಗುತ್ತಾ?"

ಹೀಗಿರುವಾಗ ಬಂದವಳು ನೆಲಾಗೊ. ರಾಜಧಾನಿಯ ಒಂದು ಸಂಗ್ರಹಾಲಯದಲ್ಲಿ ದುಂಬಿಗಳ ಲೆಕ್ಕ ನೋಡುವ ಹುಡುಗಿ. ಉತ್ತರದ ಓವಾಂಬೊ ಕಡೆಯವಳು, ಮಾತು ನೇರ, ಗಾಡಿ ಓಡಿಸಿದರೆ ಹಿಂದಿನ ಧೂಳು ಮೂರು ದಿನ ಇಳಿಯುವುದಿಲ್ಲ. ಚಿಗಟ ದುಂಬಿಗಳನ್ನು ಹುಡುಕಿಕೊಂಡು ಅವಳು ತ್ಸುಂಕ್ವೆ ಪೇಟೆಯ ಕಚ್ಚಾ ರಸ್ತೆ ಹಿಡಿದು ನಮ್ಮೂರಿಗೆ ಬಂದಾಗ ಅಜ್ಜ ಕೇಳಿದ್ದು ಒಂದೇ ಮಾತು. ದಕ್ಷಿಣ ದಂಡೆಯ ಹುಳ ಮತ್ತು ಉತ್ತರ ದಂಡೆಯ ಹುಳ ಒಂದೆಯೋ, ಬೇರೆಯೋ.

ನೆಲಾಗೊ ಎರಡೂ ಮರಿಹುಳ ಅಂಗೈಲಿಟ್ಟು ನೋಡಿದಳು. "ನೋಡೋಕೆ ಒಂದೇ ಥರ ಇದೆ, ದೊಡ್ಡಪ್ಪ. ಆದ್ರೆ ಮರಿಹುಳ ನೋಡಿ ಹೇಳೋಕಾಗಲ್ಲ. ದುಂಬಿ ಬೇಕು. ಅದರಲ್ಲೂ ಗಂಡು ಬೇಕು."

"ಗಂಡೇ ಯಾಕೆ?"

"ಈ ದುಂಬಿಗಳಲ್ಲಿ ಹೊರಗಿನ ಮೈಯೆಲ್ಲ ಒಂದೇ ಥರ ಇರುತ್ತೆ. ಗಂಡಿನ ಹೊಟ್ಟೆಯೊಳಗೆ ಒಂದು ಸಣ್ಣ ಕೊಳವೆ ಇರುತ್ತೆ, ಹೆಣ್ಣನ್ನ ಕೂಡೋ ಅಂಗ. ಒಂದೊಂದು ಜಾತಿಗೂ ಅದರ ಆಕಾರ ಬೇರೆ. ಬೀಗದ ಕೈ ಇದ್ದ ಹಾಗೆ. ಅದನ್ನ ತೆಗೆದು ನೋಡಿದ್ರೆ ಮಾತ್ರ ಹೊಸ ಜಾತಿ ಅಂತ ಬರೆಯೋಕಾಗುತ್ತೆ."

ಅಜ್ಜನ ಹೆಂಡತಿ ಉಂಕಾ ಅಲ್ಲೇ ಕೂತು ಮೊಂಗೊಂಗೊ ಕಾಯಿ ಒಡೆಯುತ್ತಿದ್ದಳು. ಉಂಕಾ ಅನ್ನುವ ಹೆಸರಿನ ಮೊದಲು ನಾಲಿಗೆಯನ್ನು ಅಂಗುಳಕ್ಕೆ ಬಡಿದು ಲೊಟಕ್ ಅನ್ನಿಸಬೇಕು, ಇಲ್ಲದಿದ್ದರೆ ಅವಳು ತಿರುಗಿಯೂ ನೋಡುವುದಿಲ್ಲ. ಈ ಮಾತಿಗೆ ಮಾತ್ರ ಪೂರ್ತಿ ತಿರುಗಿ ಕೂತಳು.

"ಇಷ್ಟು ಓದಿದೀಯ ಮಗಳೇ, ದಿನಾ ಅದನ್ನೇ ನೋಡ್ತೀಯಾ?"

"ದಿನಾ ನೋಡ್ತೀನಿ ದೊಡ್ಡಮ್ಮ. ಭೂತಗನ್ನಡಿ ಇಟ್ಟು."

"ಭೂತಗನ್ನಡಿ ಬೇಕಾ ಅದಕ್ಕೆ? ಪಾಪ," ಅಂದಳು ಉಂಕಾ. ಆಮೇಲೆ ಗಂಡನ ಕಡೆ ಒಮ್ಮೆ ನೋಡಿ ಮತ್ತೆ ಕಾಯಿ ಒಡೆಯತೊಡಗಿದಳು. ಆ ದಿನ ನಕ್ಕ ನಗೆಗೆ ಬಯಲಿನ ಕೆರೆಯಲ್ಲಿದ್ದ ರಾಜಹಂಸಗಳೆಲ್ಲ ಎದ್ದು ಅಂಗೋಲಾಕ್ಕೆ ಹೋದವು.

ಆವತ್ತು ಹಿಡಿದ ಕೆಲಸ ಇವತ್ತಿಗೂ ನಿಂತಿಲ್ಲ. ಅಜ್ಜ ಅಗೆಕೋಲು ಹಿಡಿದು ದಕ್ಷಿಣ ದಂಡೆಗೆ ನಡೆಯುತ್ತಾನೆ. ಆ ಪೊದೆಗಳ ಮುಳ್ಳಿಗೆ ಘೇಂಡಾಮೃಗವೂ ಸಲಾಂ ಹೊಡೆದು ಸುತ್ತಿ ಹೋಗುತ್ತದೆ, ಅಜ್ಜ ಹೊಟ್ಟೆಯ ಮೇಲೆ ತೆವಳಿ ಒಳಗೆ ಹೋಗುತ್ತಾನೆ. ತೊಡೆಯಷ್ಟು ಆಳ ಅಗೆದರೆ ಗೂಡು ಸಿಗುತ್ತದೆ. ಅಗೆದ ಮಣ್ಣನ್ನೂ ತರುತ್ತಾನೆ, ಬೇರೆ ಮಣ್ಣಿನಲ್ಲಿ ಹುಳಕ್ಕೆ ನಿದ್ದೆ ಬರುವುದಿಲ್ಲವಂತೆ. ಮಳೆ ತಡವಾದರೆ ಬಾಯಲ್ಲಿ ನೀರು ತುಂಬಿಕೊಂಡು ಚಿಪ್ಪಿನ ಮೇಲೆ ಹನಿಹನಿಯಾಗಿ ಉಗುಳುತ್ತಾನೆ. ಬಿಸಿಲು ಏರಿದರೆ ಹುಲ್ಲು ಹೊದಿಸುತ್ತಾನೆ. ನೆಲಾಗೊ ಕೂಡ ಅರ್ಧದಷ್ಟು ಗೂಡುಗಳನ್ನು ರಾಜಧಾನಿಗೆ ಒಯ್ದು ಗಾಜಿನ ಡಬ್ಬಿಯಲ್ಲಿಟ್ಟು ಕಾದಳು. ಅವಳ ಗೂಡುಗಳಿಗೆ ಬೂಷ್ಟು ಬಂತು, ಅಜ್ಜನ ಮೊದಲ ಗೂಡುಗಳನ್ನು ಇರುವೆ ತಿಂದವು. ಫೋನಿನಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಸಮಾಧಾನ ಹೇಳಿಕೊಂಡರು. ಬೂದಿಯ ಗೆರೆ ಬಂದದ್ದು ಆಮೇಲೆ.

ಮುಂದಿನ ಮಳೆಗೆ ಚಿಪ್ಪುಗಳಲ್ಲಿ ದುಂಬಿಗಳು ಎದ್ದವು. ನೆಲಾಗೊ ಗುರುತು ಹೇಳಿಕೊಟ್ಟಿದ್ದಳು: ಗಂಡಿಗೆ ಮೈ ಚಿಕ್ಕದು, ಮುಂಗಾಲಿನ ಪಾದ ಅಗಲ. ಅಜ್ಜ ಒಂದೊಂದನ್ನೇ ತಿರುಗಿಸಿ ನೋಡಿದ. ಹೆಣ್ಣು. ಹೆಣ್ಣು. ಹೆಣ್ಣು. ಎದ್ದದ್ದೆಲ್ಲ ಹೆಣ್ಣು.

ಕಾಶೆಗೆ ಇಷ್ಟು ಸಾಕಾಯಿತು. "ಭಾವ, ನಿನ್ನ ಕೈಗೆ ಹೆಣ್ಣೇ ಹುಟ್ಟೋದು ಅಂತ ನಮ್ಮಕ್ಕನನ್ನ ಕೊಟ್ಟಾಗಿಂದ ನಮಗೆ ಗೊತ್ತು. ಹುಳಕ್ಕೂ ಗೊತ್ತಾಗಿದೆ ಈಗ."

"ನಿನ್ನಕ್ಕನ ಮನೆತನದ ದೋಷ ಅದು," ಅಂದ ಅಜ್ಜ. "ಒಬ್ಬನೇ ಗಂಡು ಹುಟ್ಟಿದ, ಅವನೂ ಹೀಗೆ."

ನಕ್ಕರು ಎಲ್ಲರೂ. ಆದರೆ ಆ ಸಂಜೆ ಅಜ್ಜ ಬೇಲಿಯೊಳಗೆ ಕೂತು ಒಂದೊಂದು ದುಂಬಿಯ ಪಾದವನ್ನೂ ಮತ್ತೆ ತಿರುಗಿಸಿ ನೋಡುತ್ತಿದ್ದದ್ದನ್ನು ನಾನು ನೋಡಿದ್ದೇನೆ.

ಅದರ ಮುಂದಿನ ಮಳೆಗೆ ಗಂಡು ಬಂತು. ಒಂದೇ ಒಂದು. ಅಗಲ ಪಾದ, ಹಳದಿ ಬೆನ್ನು, ಬೆನ್ನಿನ ಮೇಲೆ ಮಸಿ ಚೆಲ್ಲಿದ ಹಾಗೆ ಕಪ್ಪು ಮಚ್ಚೆ. ಇಲ್ಲಿ ನಡೆದ ಅನಾಹುತ ಭೂಮಿಯ ಮೇಲೆ ನಮ್ಮ ಜನ ಬಿಟ್ಟು ಇನ್ನಾರೂ ಮಾಡಲಾರರು.

ನಮ್ಮೂರಲ್ಲಿ ಫೋನಿನ ಗಾಳಿ ಸಿಗುವುದು ನೀರಿನ ಟ್ಯಾಂಕಿನ ಏಣಿಯ ಮೇಲೆ ಮಾತ್ರ. ನೆಲಾಗೊ ಭಾನುವಾರ ಚರ್ಚ್ ಮುಗಿಸಿ ಕರೆ ಮಾಡುತ್ತಾಳೆ. ಆವತ್ತು ಊರಿನವರೆಲ್ಲ ಏಣಿಯ ಕೆಳಗೆ ನಿಂತು ಕಿವಿ ಮೇಲೆತ್ತಿದ್ದೇವೆ.

"ದೊಡ್ಡಪ್ಪ, ಏನಾದ್ರೂ ಬಂತಾ?"

ಅಜ್ಜನ ಎದೆ ಡೋಲು ಬಡಿಯುತ್ತಿದ್ದದ್ದು ನಮಗೆ ಕೆಳಗೇ ಕೇಳಿಸುತ್ತಿತ್ತು. ಆದರೂ ಮರ್ಯಾದಸ್ಥ ಮನುಷ್ಯ. ಹೇಳಬೇಕಾದ ಹಾಗೆಯೇ ಹೇಳಿದ. "ಎಲ್ಲಿ ಬರುತ್ತೆ ಮಗಾ. ಏನೋ ಒಂದು ಬಡಕಲು ಕಾಲಿಂದು, ಕಣ್ಣಲ್ಲಿ ನೋಡೋ ಹಾಗಿಲ್ಲ. ಅದಕ್ಕೋಸ್ಕರ ನೀನು ಅಷ್ಟು ದೂರ ಬರೋದು ಪೆಟ್ರೋಲಿಗೆ ದಂಡ."

ಕೆಳಗೆ ನಾವೆಲ್ಲ ತೊಡೆ ತಟ್ಟಿಕೊಂಡೆವು. ಇಷ್ಟು ಚೆನ್ನಾಗಿ ಯಾರೂ ಹೇಳಿರಲಿಲ್ಲ. ಉಂಕಾ ನೆಲಾಗೊಗೆ ಮಲಗಲು ಜಾಗ ಗುಡಿಸಿದಳು. ಇದ್ದ ಸಕ್ಕರೆಯೆಲ್ಲ ಅವಳ ಚಹಾಕ್ಕೆ ಅಂತ ಎತ್ತಿಟ್ಟರು.

"ಹೌದಾ, ಇರ್ಲಿ ಬಿಡಿ ದೊಡ್ಡಪ್ಪ, ಬೇಜಾರು ಮಾಡ್ಕೋಬೇಡಿ. ಮುಂದಿನ ಮಳೆಗೆ ನೋಡೋಣ," ಅಂದು ನೆಲಾಗೊ ಫೋನ್ ಇಟ್ಟಳು. ಅವಳ ಕಡೆ ಇಲ್ಲ ಅಂದರೆ ಇಲ್ಲ. ಅದು ಅಜ್ಜನಿಗೆ ಗೊತ್ತಿರಲಿಲ್ಲ. ಅವಳೂ ಮರ್ಯಾದೆಗೆ ಹಾಗೆ ಹೇಳಿದಳು ಅಂದುಕೊಂಡ. ಗಾಡಿ ಈಗ ಹೊರಟಿರುತ್ತದೆ ಅಂದ.

ಸತ್ತ ದುಂಬಿ ಕೆಡದ ಹಾಗೆ ಹಾಕಿಡಲು ನೆಲಾಗೊ ಒಂದು ಶೀಶೆ ಸ್ಪಿರಿಟ್ ಕೊಟ್ಟಿದ್ದಳು. ಅಜ್ಜ ಹಾಕಲಿಲ್ಲ. ಮಾಂಸದ ಒಡೆಯ ಬರುವ ಮೊದಲು ಮಾಂಸಕ್ಕೆ ಚಾಕು ಹಾಕುವುದು ನಮ್ಮಲ್ಲಿಲ್ಲ. ದುಂಬಿ ಅವಳದು, ಅವಳ ಕಣ್ಣೆದುರೇ ಆಗಬೇಕು. ದಿನವೂ ಚಿಪ್ಪಿನ ಮುಚ್ಚಳ ತೆಗೆದು ತಾಜಾ ಎಲೆ ಹಾಕುತ್ತಿದ್ದ. ಒಂದು ಬೆಳಗ್ಗೆ ಮುಚ್ಚಳ ತೆಗೆದದ್ದೇ ತಡ, ದುಂಬಿ ತನ್ನ ಹೆಸರಿಗೆ ತಕ್ಕ ಕೆಲಸ ಮಾಡಿತು. ಚಂಗ್ ಅಂತ ಒಂದು ಸದ್ದು, ಅಷ್ಟೇ.

ಊರಿಗೆ ಊರೇ ಮೊಣಕಾಲೂರಿ ಮರಳು ಜಾಲಿಸಿತು. ಕಲಹಾರಿಯ ಅರ್ಧ ಮರಳು ಆವತ್ತು ನಮ್ಮ ಬೆರಳ ಸಂದಿಯಿಂದ ಹಾದುಹೋಗಿದೆ. ದುಂಬಿ ಸಿಗಲಿಲ್ಲ.

ನೆಲಾಗೊ ಬಂದದ್ದು ಚಳಿಗಾಲದಲ್ಲಿ. ಇದನ್ನೆಲ್ಲ ಕೇಳಿ ತಲೆ ಮೇಲೆ ಕೈ ಹೊತ್ತು ಕೂತಳು. "ದೊಡ್ಡಪ್ಪ, ನೀವೇ ಬಡಕಲು ಕಾಲಿಂದು ಅಂದ್ರಿ."

"ಮತ್ತೇನನ್ನಬೇಕಿತ್ತು? ಬಂದಿದೆ, ಚೆನ್ನಾಗಿದೆ ಅಂತ ಬಾಯಿಬಿಟ್ಟು ಹೇಳ್ಲಾ? ನಾನೇನು ಈ ಬಡಾಯಿನಾ?"

ಅಜ್ಜನ ಬೆರಳು ನನ್ನ ಕಡೆ ಇತ್ತು. ನಾನು ಅದನ್ನು ಮಾನಪತ್ರದ ಹಾಗೆ ಸ್ವೀಕರಿಸಿದೆ. ನೆಲಾಗೊ ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಮಾಡಿದಳು. ಕೊನೆಗೆ ಅಂದಳು, "ಆಯ್ತು. ಇನ್ಮೇಲೆ ನೀವು ಎಷ್ಟು ಬೈತೀರೋ ಅಷ್ಟು ಜೋರಾಗಿ ಗಾಡಿ ಓಡಿಸ್ತೀನಿ."

ಅಷ್ಟರಲ್ಲಿ ಆನೆಗಳು ದಕ್ಷಿಣ ದಂಡೆಗೆ ನುಗ್ಗಿ ಪೊದೆಗಳನ್ನು ಮುರಿದು ಹಾಕಿದ್ದವು. ಅಗೆದರೆ ಗೂಡು ಸಿಗುವುದು ಅಪರೂಪವಾಯಿತು. ಉಳಿದದ್ದು ಅಜ್ಜನ ಚಿಪ್ಪುಗಳಲ್ಲಿ ಮಲಗಿದ್ದವು ಮಾತ್ರ. ಅವು ಏಳಬೇಕು, ಎದ್ದದ್ದರಲ್ಲಿ ಒಂದಾದರೂ ಗಂಡಾಗಬೇಕು. ಇಲ್ಲದಿದ್ದರೆ ಕೈಯದೋ ಹುಳದ್ದೋ ಅನ್ನುವ ಪ್ರಶ್ನೆ ಅಜ್ಜನ ಜೊತೆಗೇ ಮಣ್ಣಿಗೆ ಹೋಗುತ್ತದೆ. ಆ ವರ್ಷ ಅಜ್ಜ ಬೇಲಿಯೊಳಗೇ ಮಲಗಿದ. ತನ್ನ ಕಂಬಳಿ ಚಿಪ್ಪುಗಳಿಗೆ ಹೊದಿಸಿದ.

"ಮದುವೆಯಾದಾಗಿಂದ ನನಗೆ ಒಂದು ದಿನ ಹೊದಿಸಿಲ್ಲ," ಅಂದಳು ಉಂಕಾ ನನಗೆ. "ಬರ್ಕೋ ಇದನ್ನ."

ಬರೆದುಕೊಂಡಿದ್ದೇನೆ. ಆದರೆ ಚಳಿ ಜೋರಾದಾಗ ತನ್ನ ಕಂಬಳಿಯನ್ನೂ ಅವಳು ಅಲ್ಲಿಗೇ ಒಯ್ದು ಹಾಕಿದ್ದನ್ನೂ ಬರೆದುಕೊಂಡಿದ್ದೇನೆ.

ಆ ಚಳಿಗಾಲ ಕಳೆದು ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಗ್ಗೆ ಅಜ್ಜ ಏಣಿ ಹತ್ತಿದ. ನಾವೆಲ್ಲ ಕೆಳಗೆ ಸೇರಿದೆವು.

"ಮಗಾ, ಇದನ್ನ ಹುಳ ಅನ್ನೋಕೂ ನಾಚಿಕೆ. ಮೊಲದ ಹಿಕ್ಕೆ ಇದಕ್ಕಿಂತ ಲಕ್ಷಣವಾಗಿರುತ್ತೆ. ಇಷ್ಟು ಮಳೆಗಾಲ ಹಾಳು ಮಾಡ್ಕೊಂಡು ಸಾಕಿದ್ನಲ್ಲ, ನನ್ನಂಥ ಪೆದ್ದ..."

"ಹೊರಟೆ ದೊಡ್ಡಪ್ಪ," ಅಂದಳು ನೆಲಾಗೊ. "ಮುಚ್ಚಳ ತೆಗೀಬೇಡಿ."

ಮಾರನೆಯ ದಿನ ಸೂರ್ಯ ಬಂದಾಗ ಅಜ್ಜನ ಪಕ್ಕದಲ್ಲಿ ನೆಲಾಗೊ ಕೂಡ ಕೂತಿದ್ದಳು. ಪಾಪ, ಸೂರ್ಯನಿಗೆ ಒಂದೇ ದಿನ ಎರಡು ಸೋಲು.

ಬಾವೊಬಾಬ್ ಮರದ ಕೆಳಗೆ ಅವಳು ತಗಡಿನ ಪೆಟ್ಟಿಗೆಯನ್ನೇ ಮೇಜು ಮಾಡಿ ಸೂಕ್ಷ್ಮದರ್ಶಕ ಇಟ್ಟಳು. ಅಜ್ಜನ ಕೈಯಿಂದಲೇ ದುಂಬಿಯನ್ನು ಶೀಶೆಗೆ ಹಾಕಿಸಿದಳು. ಒಡೆಯಳು ಬಂದಾಗಿತ್ತಲ್ಲ, ಅಜ್ಜ ತಡಮಾಡಲಿಲ್ಲ. ಆಮೇಲೆ ಸೂಜಿಯಂಥ ಎರಡು ಸಲಕರಣೆ ಹಿಡಿದು ದುಂಬಿಯ ಹೊಟ್ಟೆ ಬಿಡಿಸಿದಳು. ಉಂಕಾ ಕಾಯಿ ಒಡೆಯುವುದನ್ನು ನಿಲ್ಲಿಸಿದಳು. ಕಾಶೆ ಎದ್ದು ಬಂದು ಭಾವನ ಬೆನ್ನ ಹಿಂದೆ ನಿಂತ. ನಮ್ಮೂರಲ್ಲಿ ಅಷ್ಟು ಮೌನ ಭೂಮಿ ಹುಟ್ಟಿದ ದಿನ ಇತ್ತು, ಆಮೇಲೆ ಆವತ್ತೇ.

ನೆಲಾಗೊ ತಲೆಯೆತ್ತಿದಳು. "ಉತ್ತರ ದಂಡೆ ದುಂಬಿದು ಕೊಕ್ಕೆ ಥರ ಬಾಗಿರುತ್ತೆ, ತುದಿ ಚೂಪು. ಇದು ನೆಟ್ಟಗಿದೆ, ತುದಿ ಚಮಚದ ಹಾಗೆ ಅಗಲ. ನೀವೇ ನೋಡಿ."

ಅಜ್ಜ ಒಂದು ಕಣ್ಣು ಮುಚ್ಚಿ ನೋಡಿದ. ಮತ್ತೆ ನೋಡಿದ.

"ಬೇರೆನಾ?"

"ಬೇರೆ. ನನಗೆ ಗೊತ್ತಿರೋ ಮಟ್ಟಿಗೆ ಇದನ್ನ ಇಲ್ಲೀವರೆಗೂ ಯಾರೂ ಬರೆದಿಲ್ಲ. ವಿಷ ಎಷ್ಟು ಜೋರು ಅನ್ನೋದು ಮಾತ್ರ ನಾನು ಹೇಳೋಕಾಗಲ್ಲ ದೊಡ್ಡಪ್ಪ. ಅದು ಬೇಟೆಯವರು ಹೇಳಬೇಕು."

ಎಲ್ಲರೂ ಮರಳು ನೋಡುತ್ತಿದ್ದರು. ಆಗ ಕಾಶೆ ಕೆಮ್ಮಿದ. "ಭಾವ, ಹೋದ ವರ್ಷ ನಾನೊಂದು ಕುಡು ಜಿಂಕೆ ಹೊಡೆದ್ನಲ್ಲ, ಸಿಕ್ಕಲಿಲ್ಲ ಅಂತ ಬಂದ್ನಲ್ಲ. ಅದಕ್ಕೂ ಅದೇ ದಕ್ಷಿಣ ದಂಡೆ ಹುಳಾನೇ ಸವರಿದ್ದು. ಎರಡು ದಿನ ಅದರ ಬೆನ್ನ ಹಿಂದೆ ಹೋದೆ. ಪುಣ್ಯಾತ್ಮ ಪ್ರಾಣಿ ನನಗಿಂತ ಆರಾಮಾಗಿ ನಡೀತಿತ್ತು."

"ಆವಾಗ್ಲೇ ಯಾಕೆ ಹೇಳಲಿಲ್ಲ?" ಅಂದಳು ಉಂಕಾ.

"ಹೇಳಿದ್ರೆ ನನ್ನ ಕೈನೂ ತಣ್ಣಗಾಗಿದೆ ಅಂತಿದ್ರಿ." ಕಾಶೆ ಗುಡಿಸಲಿಗೆ ಹೋಗಿ ಒಂದು ಬಾಣ ತಂದು ಭಾವನ ಕಾಲ ಬಳಿ ಎಸೆದ. "ತಗೋ. ಡೊಂಕು ಬಾಣ. ಯಾರಿಗೂ ಬೇಡ, ಎಸೆಯೋಣ ಅಂತಿದ್ದೆ."

ಅಜ್ಜ ಅದನ್ನೆತ್ತಿ ಬೆಳಕಿಗೆ ಹಿಡಿದ. ಬೀಳುವ ಮಳೆಹನಿಯಷ್ಟು ನೇರವಾದ ಬಾಣ. ಕಾಶೆಯ ಬತ್ತಳಿಕೆಯಲ್ಲಿ ಅದಕ್ಕಿಂತ ಒಳ್ಳೆಯದು ಇರಲಿಲ್ಲ ಅಂತ ಊರಿಗೆಲ್ಲ ಗೊತ್ತು.

"ನಿಜ, ಬಹಳ ಡೊಂಕು," ಅಂದ ಅಜ್ಜ. ಮಾಡಿಗೆ ಸಿಕ್ಕಿಸಿದ್ದ ಬಿಲ್ಲಿನ ಪಕ್ಕದಲ್ಲೇ ಇಟ್ಟ.

ಇನ್ನು ಹೆಸರು. ಹೊಸ ದುಂಬಿಯ ಬಣ್ಣ, ಕಾಲು, ಕೂದಲು, ಆ ಕೊಳವೆ ಎಲ್ಲ ಬರೆದು ಮೇಲೊಂದು ಹೆಸರಿಡಬೇಕು. ನೆಲಾಗೊ ದಾಬೆಯ ಹೆಸರನ್ನೇ ಇಡುವುದು ಅಂತ ತೀರ್ಮಾನಿಸಿ ಬಂದಿದ್ದಳು. ಜೊತೆಗೆ ದುಂಬಿಯನ್ನು ಬರೆದವರು ಇಬ್ಬರು, ಅವಳು ಮತ್ತು ದಾಬೆ, ಅಂತಲೂ ಹಾಕಬೇಕು ಅಂದುಕೊಂಡಿದ್ದಳು. "ಆದ್ರೆ ಎರಡೂ ಆಗಲ್ಲ ದೊಡ್ಡಪ್ಪ. ಬರೆದವರು ತಮ್ಮ ಹೆಸರನ್ನ ತಾವೇ ಹುಳಕ್ಕೆ ಇಟ್ಕೋಳೋ ರೂಢಿ ನಮ್ಮಲ್ಲಿಲ್ಲ. ನಗ್ತಾರೆ. ಹೆಸರು ಬೇಕಾ, ಬರೆದವರಲ್ಲಿ ಒಬ್ಬರಾಗ್ಬೇಕಾ, ನೀವೇ ಹೇಳಿ."

"ನಮ್ಮಲ್ಲೂ ಇಲ್ಲ," ಅಂದ ಅಜ್ಜ. "ಹುಟ್ಟಿದ ಮಗುವಿಗೆ ಅಪ್ಪ ಹೆಸರಿಡ್ತಾನೆ. ತನ್ನ ಹೆಸರು ಇಡೋ ಹಾಗಿಲ್ಲ. ಇದನ್ನ ಸಾಕಿದ್ದು ನಾನು. ಮೊದಲನೇ ಗಂಡು." ತನ್ನ ಕೈ ನೋಡಿಕೊಂಡ. "ಕಾವೊ."

ಉಂಕಾ ಸೆರಗಿನ ಹಾಗೆ ಹೊದ್ದಿದ್ದ ಬಟ್ಟೆಯನ್ನು ತಟ್ಟನೆ ಸರಿಮಾಡಿಕೊಂಡು ಕಾಲು ಮಡಚಿದಳು. ನಮ್ಮಲ್ಲಿ ಒಂದು ಹೆಸರಿನವರೆಲ್ಲ ಒಬ್ಬರೇ ಇದ್ದ ಹಾಗೆ. ಕಾವೊ ಅನ್ನುವ ಹೆಸರಿನವರು ಯಾರೇ ಆದರೂ ಅವಳಿಗೆ ಮಾವ. "ಆಯ್ತು, ಇನ್ನು ಆ ಹುಳದ ಮುಂದೆ ನಾನು ಕಾಲು ಚಾಚಿ ಕೂರೋ ಹಾಗಿಲ್ಲ. ಇದ್ದ ಮಾವನಿಗೆ ಮರ್ಯಾದೆ ಕೊಟ್ಟು ಸಾಕಾಗಿತ್ತು. ಈಗ ನೆಗೆಯೋ ಮಾವ."

"ಹಾಗಾದ್ರೆ ಭಾವ ಅದರ ಮರೀನ ಹಿಂಡೋ ಹಾಗಿಲ್ಲ," ಅಂದ ಕಾಶೆ. "ಅಪ್ಪನ ಹೆಸರಿಂದನ್ನ ಹಿಂಡ್ತಾರಾ ಯಾರಾದ್ರೂ? ಅವನ ಮಕ್ಕಳೂ ಹಿಂಡೋ ಹಾಗಿಲ್ಲ, ಮೊಮ್ಮಕ್ಕಳೂ ಹಿಂಡೋ ಹಾಗಿಲ್ಲ. ನನಗೇನು, ನಾನು ಹಿಂಡ್ತೀನಿ."

"ಹಿಂಡು. ಎರಡು ದಿನ ಪ್ರಾಣಿ ಬೆನ್ನ ಹಿಂದೆ ಓಡು," ಅಂದಳು ಅಕ್ಕ.

ನಾನು ಬಾಯಿ ಹಾಕದೆ ಇರಲಾಗಲಿಲ್ಲ. ಅಜ್ಜಾ, ಅಷ್ಟು ದೊಡ್ಡ ಬೇಟೆಗಾರನ ಹೆಸರನ್ನು ತಣ್ಣನೆ ವಿಷದ ಹುಳಕ್ಕೆ ಇಡುವುದೇ, ಅಂದೆ.

ಅಜ್ಜ ನನ್ನನ್ನು ನೋಡಿದ. "ತಣ್ಣಗಿಲ್ಲ ಅದು. ನಿಧಾನ. ಎಲ್ಯಾಂಡ್ ಸತ್ತಿತ್ತು ತಾನೇ? ನಾವು ತಲುಪಲಿಲ್ಲ, ಅಷ್ಟೇ. ನಮ್ಮಪ್ಪನೂ ನಿಧಾನ. ಎಲ್ಲರೂ ಉಂಡು ಕೈ ತೊಳೆದ ಮೇಲೆ ಬರೋನು. ಆದ್ರೆ ಬರದೆ ಇರ್ತಿರಲಿಲ್ಲ."

ಆ ಬರಹ ಈಗ ಅಚ್ಚಾಗಿದೆ. ಮೇಲೆ ಕಾವೊನ ಹೆಸರು, ಕೆಳಗೆ ಬರೆದವರ ಜಾಗದಲ್ಲಿ ನೆಲಾಗೊ, ಪಕ್ಕದಲ್ಲೇ ದಾಬೆ. ಪ್ರಪಂಚದಲ್ಲಿ ದುಂಬಿ ನೋಡುವವರೆಲ್ಲ ಇನ್ನು ನಮ್ಮೂರಿನ ಕಾವೊನ ಹೆಸರು ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹೇಳುವಾಗ ನಾಲಿಗೆ ಎಲ್ಲಿ ಬಡಿಯಬೇಕು ಅಂತ ತಿಳಿಯದೆ ಒದ್ದಾಡುತ್ತಾರೆ, ಒದ್ದಾಡಲಿ. ದಕ್ಷಿಣ ದಂಡೆಯ ಪೊದೆಗಳು ಮತ್ತೆ ಚಿಗುರಿವೆ. ಆ ಕಡೆ ಹೋಗುವ ಬೇಟೆಗಾರರು ಬುಡ ಅಗೆಯದೆ, ಹಿರಿಯರ ಎದುರು ಹಾದುಹೋಗುವ ಹಾಗೆ ಸ್ವಲ್ಪ ಬಗ್ಗಿ ಹೋಗುತ್ತಾರೆ. ಕಾಶೆ ಕೂಡ. ಕೇಳಿದರೆ, ಮುಳ್ಳು ತಗಲುತ್ತೆ ಅದಕ್ಕೆ ಬಗ್ಗಿದೆ ಅನ್ನುತ್ತಾನೆ.

ಈಗ ಅಜ್ಜ ಸಾಕುತ್ತಿರುವ ಗೂಡುಗಳು ಬೇರೆ ಕೆಲಸಕ್ಕೆ. ದುಂಬಿ ಎದ್ದ ಮೇಲೆ ಅವನ್ನು ಒಯ್ದು ಆನೆ ಮುರಿದ ಪೊದೆಗಳಲ್ಲಿ ಬಿಡುತ್ತಾನೆ. ಯಾರೂ ಹೇಳಿಲ್ಲ, ಅವನೇ ಹಚ್ಚಿಕೊಂಡ ಕೆಲಸ.

ಬೆಳಕು ಹರಿದಿದೆ. ಕೊನೆಯ ಚಿಪ್ಪು ಅಜ್ಜನ ಕಿವಿಗೆ ಒತ್ತಿಕೊಂಡಿದೆ. ಅವನ ಮುಖ ನಿಧಾನಕ್ಕೆ ಜೋಲು ಬೀಳುತ್ತಿರುವುದನ್ನು ನೋಡಿ ನನಗೆ ಗೊತ್ತಾಗುತ್ತದೆ, ಒಳಗೆ ಏನೋ ಕೆರೆಯುತ್ತಿದೆ. ನಾನು ಕೇಳುತ್ತೇನೆ, ಅಜ್ಜಾ, ಇಷ್ಟು ವರ್ಷದ ಕೆಲಸ, ನಿನ್ನ ದುಂಬಿಯ ಬಗ್ಗೆ ಒಂದು ಮಾತು ಹೇಳು, ಬರೆಯುತ್ತೇನೆ.

ಅಜ್ಜ ಚಿಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಮರಳಿಗೆ ಇಳಿಸುತ್ತಾನೆ. ಸುತ್ತ ಮರಳು ಒತ್ತುತ್ತಾನೆ.

"ಏನಿದೆ ಅದರಲ್ಲಿ ಬರೆಯೋಕೆ? ಬಣ್ಣ ಇಲ್ಲ, ರೂಪ ಇಲ್ಲ, ಹಿಡಿದ್ರೆ ಕೈಲಿ ನಿಲ್ಲಲ್ಲ. ಇಂಥ ದರಿದ್ರ ಹುಳ ಈ ಬಯಲಲ್ಲಿ ಇನ್ನೊಂದು ಹುಟ್ಟಿಲ್ಲ. ಇದಕ್ಕೋಸ್ಕರ ನೀನು ನಿದ್ದೆಗೆಟ್ಟು ಬಂದೆಯಲ್ಲ, ನಿನ್ನ ಕಾಲಿನ ನೋವಿಗೂ ಬೆಲೆ ಇಲ್ಲ. ಹೋಗು, ಹೋಗಿ ಎಲ್ಲರಿಗೂ ಹಾಗೇ ಹೇಳು."